ಕೋಳಿಗೂ ಸರದಿ, ತರಕಾರಿಗೂ ಸರದಿ

ಮೃಗಶಿರ ಮಳೆ ಹಿಡಿದ ಮೇಲೆ ನಮ್ಮ ತೀರ್ಥಹಳ್ಳಿ ಕಡೆಯ ಹಳ್ಳಿಗಳಲ್ಲಿ ಒಂದು ಜಗಳ ತಪ್ಪದೆ ನಡೆಯುತ್ತದೆ. ಗದ್ದೆಯ ಮೂಲೆಯಲ್ಲಿ ಸಸಿಮಡಿ ಮಾಡಿ, ಮೊಳಕೆ ಬಂದ ಭತ್ತ ಚೆಲ್ಲಿ ಬಂದಿರುತ್ತಾರೆ. ಮಾರನೇ ದಿನ ಬೆಳಿಗ್ಗೆ ಹೋಗಿ ನೋಡಿದರೆ ಪಕ್ಕದ ಮನೆಯ ಎಂಟು ಕೋಳಿ ಅದರೊಳಗೆ. "ಅಕ್ಕಾ, ನಿಮ್ಮ ಕೋಳಿ ಕೂಡಿ ಹಾಕ್ಕಳಿ. ನಾಳೆನೂ ಕಂಡ್ರೆ ಸಾರಿಗೇ ಸರಿ." ಆ ಕಡೆಯಿಂದಲೂ ಉತ್ತರ ಸಿದ್ಧ: "ನೀವು ಬೇಲಿ ಗಟ್ಟಿ ಮಾಡ್ಕಳಿ ಮಾರಾಯ್ರೇ, ಕೋಳಿಗೆ ಗಡಿ ಗೊತ್ತಾಗುತ್ತಾ?" ಒಂದು ವಾರ ಮಾತು ಬಿಡುತ್ತಾರೆ. ಆಮೇಲೆ ಅದೇ ಮನೆಗೆ ಒಂದು ಡಜನ್ ಮೊಟ್ಟೆ ಹೋಗುತ್ತದೆ.

ಕೋಳಿಯನ್ನು ತರಕಾರಿ ತೋಟಕ್ಕೆ ಬಿಡಿ ಅಂತ ಹೇಳುವ ಈಗಿನ ವಿಡಿಯೊಗಳಲ್ಲಿ ಬರುವ ಕೋಳಿ ಈ ಜಾತಿಯದ್ದಲ್ಲ. ಅದು ಎಲೆಕೋಸಿನ ಸಾಲಿನ ಮಧ್ಯೆ ನಿಧಾನಕ್ಕೆ ನಡೆಯುತ್ತದೆ. ಹುಳ ಹೆಕ್ಕುತ್ತದೆ, ಗೊಬ್ಬರ ಹಾಕುತ್ತದೆ, ಎಲೆ ಮುಟ್ಟುವುದಿಲ್ಲ. ಆ ಕೋಳಿಯನ್ನು ತೋಟಕ್ಕೆ ಬಿಟ್ಟು ಹತ್ತು ನಿಮಿಷವೂ ಆಗಿರಲಿಕ್ಕಿಲ್ಲ ಅಂತ ನನ್ನ ಅನುಮಾನ. ನಮ್ಮ ಹಿತ್ತಲಲ್ಲಿ ಆರು ಕೋಳಿಗಳಿವೆ, ಅರ್ಧ ಗುಂಟೆಯಷ್ಟು ತರಕಾರಿ ಇದೆ. ಶುರುವಿನಲ್ಲಿ ನಾನೂ ಆ ವಿಡಿಯೊ ನಂಬಿದವನೇ. ಒಂದು ಸಂಜೆ ನಾಲ್ಕಡಿ ಅಗಲ, ಹತ್ತಡಿ ಉದ್ದದ ಹರಿವೆ ಪಾತಿಯ ಹತ್ತಿರ ಕೋಳಿ ಬಿಟ್ಟು ಕಾಫಿ ಕುಡಿಯಲು ಒಳಗೆ ಹೋದೆ. ಹೊರಗೆ ಬರುವಷ್ಟರಲ್ಲಿ ಪಾತಿಯ ಜಾಗದಲ್ಲಿ ಆರು ಗುಂಡಿಗಳಿದ್ದವು, ಪ್ರತಿ ಗುಂಡಿಯಲ್ಲಿ ಒಂದೊಂದು ಕೋಳಿ ಮಲಗಿ ಮಣ್ಣು ಸ್ನಾನ ಮಾಡುತ್ತಿತ್ತು. ಹರಿವೆ ಸಸಿಯನ್ನು ಅವು ಹೆಚ್ಚು ತಿಂದಿರಲೂ ಇಲ್ಲ. ಸುಮ್ನೆ ಕೆದರಿ ಎಸೆದಿದ್ದವು ಅಷ್ಟೆ.

ಆ "ಸುಮ್ನೆ" ಯಾಕೆ ಅಂತ ಅರ್ಥವಾದರೆ ಮುಂದಿನ ಎಲ್ಲ ಲೆಕ್ಕ ಸುಲಭ.

ಕಾಲಿನಲ್ಲಿರುವ ಕಾಡು

ನಾವು ಸಾಕುವ ಕೋಳಿಯ ಮೂಲ ಕೆಂಪು ಕಾಡುಕೋಳಿ. ಏಷ್ಯಾದ ಕಾಡುಗಳ ಹಕ್ಕಿ ಅದು. ನಮ್ಮ ಘಟ್ಟದ ಕಾಡಿನಲ್ಲಿ ಬೆಳಿಗ್ಗೆ ಕೂಗುವ ಬೂದು ಕಾಡುಕೋಳಿ ಅದರ ದಾಯಾದಿ. ಎರಡರ ಬದುಕೂ ಒಂದೇ ಥರ: ಮರದ ಕೆಳಗೆ ದಪ್ಪಗೆ ಬಿದ್ದ ಒಣ ಎಲೆಯನ್ನು ಕೆದರಬೇಕು, ಅಡಿಯಲ್ಲಿರುವ ಹುಳ, ಗೆದ್ದಲು, ಬೀಜ, ಮೊಳಕೆ ಹೆಕ್ಕಬೇಕು. ಸಾವಿರಾರು ವರ್ಷ ಮನೆಯಲ್ಲಿ ಸಾಕಿದರೂ ಕೋಳಿಯ ಕಾಲಿನಿಂದ ಆ ಕಾಡು ಹೋಗಿಲ್ಲ.

ಒಮ್ಮೆ ಹತ್ತಿರ ಕೂತು ನೋಡಿ. ಬಲಗಾಲಿನಲ್ಲಿ ಎರಡು ಸಲ ಕೆದರುತ್ತದೆ, ಎಡಗಾಲಿನಲ್ಲಿ ಒಂದು ಸಲ. ಒಂದು ಹೆಜ್ಜೆ ಹಿಂದೆ ಸರಿಯುತ್ತದೆ. ತಲೆ ಓರೆ ಮಾಡಿ ಒಂದು ನೋಟ, ಒಂದು ಕುಕ್ಕು. ಮತ್ತೆ ಬಲಗಾಲು. ತಟ್ಟೆಯಲ್ಲಿ ನುಚ್ಚಕ್ಕಿ ಹಾಕಿಕೊಟ್ಟರೂ ತಟ್ಟೆಯೊಳಗೇ ನಿಂತು ಹೀಗೇ ಕೆದರಿ ಅರ್ಧ ಹೊರಗೆ ಚೆಲ್ಲುತ್ತದೆ. ಹಸಿವಾಗಿದ್ದಕ್ಕೆ ಮಾತ್ರ ಕೆದರುವುದಲ್ಲ, ಕೆದರುವುದೇ ಅದರ ಸ್ವಭಾವ. ಹೊಟ್ಟೆ ತುಂಬಿಸಿ ಬಿಟ್ಟರೆ ಪಾತಿ ಹಾಳು ಮಾಡುವುದಿಲ್ಲ ಅನ್ನುವ ಉಪಾಯ ಅದಕ್ಕೇ ಕೈಕೊಡುವುದು.

ಈಗ ನಮ್ಮ ತರಕಾರಿ ಪಾತಿಯನ್ನು ಕೋಳಿಯ ಕಣ್ಣಿನಲ್ಲಿ ನೋಡಿ. ಮಣ್ಣು ಅಗೆದು ಹುಡಿ ಮಾಡಿದ್ದೇವೆ. ಗೊಬ್ಬರ ಹಾಕಿದ್ದೇವೆ, ಎರೆಹುಳ ಬಂದಿದೆ. ಮೇಲೆ ಒಣ ಎಲೆ ಮುಚ್ಚಿದ್ದೇವೆ. ನೀರು ಹಾಕಿ ತಂಪಾಗಿಟ್ಟಿದ್ದೇವೆ. ಇಡೀ ಹಿತ್ತಲಿನಲ್ಲಿ ಕಾಡಿನ ನೆಲಕ್ಕೆ ತೀರಾ ಹತ್ತಿರ ಇರುವ ಜಾಗ ಅದೊಂದೇ. ಕೋಳಿ ಅಲ್ಲಿಗೆ ಹೋಗದೆ ಇನ್ನೆಲ್ಲಿಗೆ ಹೋಗಬೇಕು?

ಹಾಗಾಗಿ ಕೋಳಿಗೆ ಕಲಿಸುವ ಆಸೆ ಬಿಡಿ. ಕಳೆ ಯಾವುದು, ಸಸಿ ಯಾವುದು ಅಂತ ಅದಕ್ಕೆ ಬೇಕಾಗಿಲ್ಲ. ಬೇಕಾಗಿರುವುದು ಸರದಿ. ಪಾತಿ ಖಾಲಿ ಇದ್ದಾಗ ಕೋಳಿ ಒಳಗೆ, ಬೆಳೆ ಇದ್ದಾಗ ಕೋಳಿ ಹೊರಗೆ. ಒಂದೇ ನೆಲ, ಬೇರೆ ಬೇರೆ ಹೊತ್ತು. ಖಾಲಿ ಪಾತಿಯಲ್ಲಿ ಅದೇ ಕಾಲು ಕಳೆಯ ಬೇರು ಕಿತ್ತು ಹಾಕುತ್ತದೆ, ಬಿದ್ದ ಬೀಜ ತಿನ್ನುತ್ತದೆ, ಗೊಣ್ಣೆಹುಳ ಹುಡುಕುತ್ತದೆ, ಹಳೇ ಬೆಳೆಯ ಕಸ ಪುಡಿ ಮಾಡುತ್ತದೆ. ಆಗ ಎಂಟು ದಿನದ ಗುದ್ದಲಿ ಕೆಲಸ ಪುಕ್ಕಟೆ.

ನಮ್ಮ ಅಜ್ಜಿಗೆ ಇದು ಯಾರೂ ಹೇಳಿಕೊಡದೆ ಗೊತ್ತಿತ್ತು. ಬೀಜ ಹಾಕಿದ ದಿನದಿಂದ ಸಸಿ ಮೊಣಕಾಲೆತ್ತರ ಬರುವವರೆಗೆ ಒಡ್ಡಿಯ, ಅಂದರೆ ಕೋಳಿಗೂಡಿನ, ಬಾಗಿಲು ತೆಗೆಯುತ್ತಿದ್ದದ್ದು ಸಂಜೆ ಐದರ ಮೇಲೆಯೇ. ಇದರ ಹಿಂದೆ ಒಂದು ಲೆಕ್ಕ ಇದೆ. ಕತ್ತಲಾಗುವ ಹೊತ್ತಿಗೆ ಕೋಳಿ ತಾನಾಗೇ ಗೂಡಿಗೆ ಮರಳುತ್ತದೆ, ಅಟ್ಟಬೇಕಾಗಿಲ್ಲ. ಸಂಜೆ ಬಿಟ್ಟ ಕೋಳಿ ದೂರ ಹೋಗುವುದಿಲ್ಲ. ಒಂದು ಗಂಟೆ ಅಂಗಳದ ಅಂಚಿನಲ್ಲಿ ಕೆದರಿ, ಆಕಾಶ ಕೆಂಪಾದ ಕೂಡಲೇ ಸಾಲಾಗಿ ಒಳಗೆ. ಮನೆಯವರು ಹೇಗೂ ಹೊರಗೇ ಇರುವ ಹೊತ್ತು ಅದು, ಒಂದು ಕಣ್ಣು ಇಡಬಹುದು. ಬೆಳಿಗ್ಗೆ ಎಂಟಕ್ಕೆ ಬಿಟ್ಟರೆ ಅದಕ್ಕೆ ಇಡೀ ದಿನ ಇರುತ್ತದೆ, ನಮಗೆ ಬೇರೆ ಕೆಲಸ ಇರುತ್ತದೆ.

ಬೇಲಿ ಮತ್ತು ಹಳೇ ಸೀರೆ

ನಾನು ಈಗ ಹಿತ್ತಲನ್ನು ನಾಲ್ಕು ತುಂಡು ಮಾಡಿಕೊಂಡಿದ್ದೇನೆ. ಒಂದು ಹೊತ್ತಿಗೆ ಕೋಳಿ ಹೋಗುವುದು ಒಂದೇ ತುಂಡಿಗೆ, ಉಳಿದದ್ದರಲ್ಲಿ ಬೆಳೆ. ಬೆಳೆ ಮುಗಿದ ತುಂಡಿಗೆ ಕೋಳಿ ಎರಡು ಮೂರು ವಾರ ಹೋಗುತ್ತವೆ. ಆಮೇಲೆ ಅಲ್ಲಿಂದ ಹೊರಗೆ ಕರೆದು, ಕೆದರಿದ ಮಣ್ಣನ್ನು ಕುಂಟೆಯಲ್ಲಿ ಸಮ ಮಾಡಿ, ಹಳೇ ಗೊಬ್ಬರ ಬೆರೆಸಿ ಬಿಡುತ್ತೇನೆ. ಹೆಚ್ಚು ದಿನ ಅಲ್ಲೇ ಇಟ್ಟರೆ ನೆಲ ಕಾದ ಕಾವಲಿಯ ಹಾಗೆ ಬೋಳಾಗಿ ಗಟ್ಟಿಯಾಗುತ್ತದೆ. ಕೆದರುವುದಕ್ಕೆ ಏನೂ ಸಿಗದಿದ್ದರೆ ಕೋಳಿ ಬೇಲಿ ಪಕ್ಕ ನಿಂತು ಆಚೆ ಕಡೆಯ ಬೀನ್ಸ್ ನೋಡುತ್ತಾ ಇರುತ್ತದೆ. ಅದು ಸರದಿ ಬದಲಿಸಬೇಕು ಅನ್ನುವ ಸೂಚನೆ.

ಜಾಗ ಕಮ್ಮಿ ಇದ್ದವರು ತಳವಿಲ್ಲದ ಪಂಜರ ಮಾಡುತ್ತಾರೆ. ಪಾತಿಯಷ್ಟೇ ಅಗಲದ ಚೌಕಟ್ಟು, ಸುತ್ತ ಜಾಲರಿ, ಮೇಲೆ ಅರ್ಧ ನೆರಳು. ಎರಡು ಮೂರು ಕೋಳಿ ಒಳಗೆ ಹಾಕಿ ಖಾಲಿ ಪಾತಿಯ ಮೇಲೆ ಇಟ್ಟರೆ ಅವು ಆ ಪಾತಿಯನ್ನಷ್ಟೇ ಕೆದರುತ್ತವೆ. ಮಾರನೇ ದಿನ ಮುಂದಕ್ಕೆ ಎಳೆಯುವುದು. ಹೊರದೇಶಗಳಲ್ಲಿ ಇದನ್ನು ಚಿಕನ್ ಟ್ರ್ಯಾಕ್ಟರ್ ಅನ್ನುತ್ತಾರೆ. ಹೆಸರು ದೊಡ್ಡದು, ವಸ್ತು ಕೋಳಿ ಮುಚ್ಚಿಡುವ ನಮ್ಮ ಮಂಕರಿಯ ತಮ್ಮ. ಹಗಲು ಮಾತ್ರ ಇಡಿ. ರಾತ್ರಿ ಕಾಡುಬೆಕ್ಕು, ನಾಯಿ ಎರಡಕ್ಕೂ ಅಡಿಯಿಂದ ನುಸುಳಿ ಒಳಗೆ ಬರುವುದು ಗೊತ್ತು.

ಬೇಲಿ ವಿಷಯದಲ್ಲಿ ನಾನು ಕಲಿತದ್ದು ಸ್ವಲ್ಪ ತಮಾಷೆಯದು. ಮೊದಲು ಅಡಿಕೆ ದಬ್ಬೆಯ ಬೇಲಿ ಕಟ್ಟಿದೆ, ನಾಲ್ಕಡಿ ಎತ್ತರ, ಗಟ್ಟಿಮುಟ್ಟು. ನಾಟಿ ಕೋಳಿ ಬಂದು ದಬ್ಬೆಯ ತುದಿಯ ಮೇಲೆ ಕೂತು, ಆಚೆ ಈಚೆ ನೋಡಿ, ಒಳಗೆ ಇಳಿಯಿತು. ಕೋಳಿ ಬೇಲಿಯನ್ನು ಒಂದೇ ನೆಗೆತಕ್ಕೆ ದಾಟುವುದು ಕಮ್ಮಿ. ಮೊದಲು ಮೇಲಂಚಿನ ಮೇಲೆ ಕೂರುತ್ತದೆ, ಆಮೇಲೆ ಇಳಿಯುತ್ತದೆ. ಕೂರಲು ಗಟ್ಟಿ ಅಂಚು ಕಾಣದಿದ್ದರೆ ನೆಗೆಯಲು ಹಿಂದೆ ಮುಂದೆ ನೋಡುತ್ತದೆ. ಹಾಗಾಗಿ ದಬ್ಬೆ ಬೇಲಿಯ ಮೇಲೆ ಒಂದೂವರೆ ಅಡಿ ಹಳೇ ಸೀರೆ ಸಡಿಲವಾಗಿ ಕಟ್ಟಿದೆ. ಗಾಳಿಗೆ ಅಲುಗುತ್ತದೆ, ಕಾಲಿಡಲು ಏನೂ ಇಲ್ಲ. ಗದ್ದೆ ಸುತ್ತ ಹಂದಿಗೆ ಅಂತ ಕಟ್ಟುವ ಬಣ್ಣಬಣ್ಣದ ಸೀರೆಗಳು ಹಂದಿಯನ್ನು ಎಷ್ಟು ತಡೆಯುತ್ತವೋ ಏನೋ, ಕೋಳಿಗಂತೂ ಸಾಕು. ಹಳೇ ಮೀನಿನ ಬಲೆಯೂ ಆಗುತ್ತದೆ.

ಒಂದು ರೆಕ್ಕೆಯ ಉದ್ದ ಗರಿಗಳನ್ನು ಕತ್ತರಿಸಿ ಹಾರದ ಹಾಗೆ ಮಾಡುವವರಿದ್ದಾರೆ. ಕೋಳಿಗೆ ನೋವಾಗುವುದಿಲ್ಲ, ಉಗುರು ಕತ್ತರಿಸಿದ ಹಾಗೆ. ಆದರೆ ನಾಯಿ ಅಟ್ಟಿಸಿಕೊಂಡು ಬಂದ ದಿನ ಅದು ಮರ ಹತ್ತಲಾರದು. ನಾನು ಮಾಡುವುದಿಲ್ಲ.

ಚಪ್ಪರದ ಕೆಳಗೆ ಬಿಡಬಹುದು

ಸರದಿ ಅಂದೆ, ಆದರೆ ಎಲ್ಲ ಬೆಳೆಗೂ ಅಷ್ಟು ಕಟ್ಟುನಿಟ್ಟು ಬೇಡ. ಚಪ್ಪರಕ್ಕೆ ಹಬ್ಬಿದ ಹೀರೆ, ಹಾಗಲ, ಪಡವಲ, ಸೋರೆ ಕೋಳಿಯ ಜೊತೆ ಚೆನ್ನಾಗಿ ಬಾಳುತ್ತವೆ. ಬೇರು ಗಟ್ಟಿಯಾಗಿ ಬಳ್ಳಿ ಮೇಲೇರಿದ ಮೇಲೆ ಬುಡಕ್ಕೆ ನಾಲ್ಕು ಕಲ್ಲು ಇಲ್ಲವೇ ತೆಂಗಿನ ಸಿಪ್ಪೆ ಜೋಡಿಸಿ ಕೋಳಿ ಬಿಡಬಹುದು. ಅವಕ್ಕೆ ನೆರಳು, ನಮಗೆ ಇನ್ನೊಂದು ಲಾಭ.

ಆ ಲಾಭ ಹಣ್ಣಿನ ನೊಣದ್ದು. ಹೀರೆಕಾಯಿ ಹಳದಿಯಾಗಿ ವಕ್ರವಾಗುವುದು, ಹಾಗಲಕಾಯಿ ಕತ್ತರಿಸಿದರೆ ಒಳಗೆ ಬಿಳಿ ಹುಳ ಕುಣಿಯುವುದು ಎಲ್ಲರಿಗೂ ಗೊತ್ತು. ನೊಣ ಎಳೆ ಕಾಯಿಗೆ ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ. ಹುಳ ಒಳಗೇ ತಿಂದು ಬೆಳೆಯುತ್ತದೆ. ಕಾಯಿ ಕೊಳೆತು ಬಿದ್ದಾಗ ಹುಳ ಹೊರಗೆ ಬಂದು ಮಣ್ಣಿಗೆ ಇಳಿಯುತ್ತದೆ, ಮೇಲಿನ ಕೆಲವು ಇಂಚು ಮಣ್ಣಿನಲ್ಲೇ ಗೋಧಿ ಕಾಳಿನಂಥ ಗೂಡಾಗಿ ಮಲಗುತ್ತದೆ. ಒಂದು ವಾರ, ಹತ್ತು ದಿನ. ಆಮೇಲೆ ಮತ್ತೆ ನೊಣವಾಗಿ ಚಪ್ಪರಕ್ಕೆ ಹಾರುತ್ತದೆ. ಹುಳ ಕಾಯಿಯ ಒಳಗಿದ್ದಾಗ ಮೇಲಿಂದ ಔಷಧಿ ಹೊಡೆದರೂ ತಾಗುವುದಿಲ್ಲ. ಆದರೆ ಮಣ್ಣಿನಲ್ಲಿ ಮಲಗಿರುವ ಆ ಕಾಳು ಕೋಳಿಯ ಕಾಲು ತಲುಪುವ ಆಳದಲ್ಲೇ ಇದೆ, ನೋಡಲು ಕಾಳಿನ ಹಾಗೆಯೇ ಇದೆ! ಬಿದ್ದ ಕಾಯಿಗಳನ್ನೂ ಒಡೆದು ಹಾಕಿ ಕೋಳಿಗೇ ಕೊಡುತ್ತೇನೆ. ಪಕ್ಕದ ತೋಟದಿಂದ ನೊಣ ಬರುವುದು ನಿಲ್ಲುವುದಿಲ್ಲ, ಅದಕ್ಕೆ ಕಾಯಿಗೆ ಕಾಗದ ಸುತ್ತುವುದೂ ಬೇಕು. ಆದರೂ ನಮ್ಮ ಚಪ್ಪರದಲ್ಲೇ ಹುಟ್ಟುವುದು ಕಮ್ಮಿಯಾಗುತ್ತದೆ.

ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ಕೋಳಿ ಇದ್ದರೆ ಕೀಟದ ಕಾಟವೇ ಇಲ್ಲ ಅನ್ನುವುದು ಸುಳ್ಳು. ಎಲೆಯ ಅಡಿಯಲ್ಲಿರುವ ಹೇನು, ಬಿಳಿನೊಣ, ನುಸಿ ಯಾವುದನ್ನೂ ಅದು ಮುಟ್ಟುವುದಿಲ್ಲ. ಕಂಬಳಿಹುಳ ಕಂಡರೆ ಒಮ್ಮೆ ಕುಕ್ಕಿ ಬಿಟ್ಟುಬಿಡುತ್ತದೆ. ನೆಲದಲ್ಲಿರುವುದು ಮಾತ್ರ ಅದರ ಪಾಲು. ನೆಲದಲ್ಲಿರುವ ಒಳ್ಳೆಯವರನ್ನೂ ಅದು ಬಿಡುವುದಿಲ್ಲ: ಎರೆಹುಳ, ಸಣ್ಣ ಕಪ್ಪೆ, ಜೇಡ ಎಲ್ಲವೂ ಹೊಟ್ಟೆಗೆ. ಎರೆಗೊಬ್ಬರದ ತೊಟ್ಟಿ ಇದ್ದರೆ ಅದಕ್ಕೆ ಮುಚ್ಚಳ ಹಾಕದೆ ಕೋಳಿ ತರಬೇಡಿ.

ಬಸಳೆ ಚಪ್ಪರ ಬೇರೆ ಕಥೆ. ಕತ್ತು ಚಾಚಿದರೆ ಸಿಗುವ ಎತ್ತರದವರೆಗೆ ಒಂದೆಲೆಯೂ ಉಳಿಯುವುದಿಲ್ಲ, ಕತ್ತರಿಯಲ್ಲಿ ಗೆರೆ ಹಾಕಿ ಕತ್ತರಿಸಿದ ಹಾಗೆ. ಕೆಸುವನ್ನು ನಮ್ಮ ಕೋಳಿಗಳು ಮುಟ್ಟಿಲ್ಲ, ಬಾಯಿ ತುರಿಸುತ್ತದಲ್ಲ. ಅರಿಶಿನ, ಶುಂಠಿಯ ಎಲೆ ಬೇಡ, ಆದರೆ ಬುಡ ಕೆದರಿ ಗೆಡ್ಡೆ ಬಿಸಿಲಿಗೆ ಬೀಳಿಸುತ್ತವೆ. ನುಗ್ಗೆ, ಕರಿಬೇವು, ಪಪ್ಪಾಯಿಗೆ ಬುಡದಲ್ಲಿ ಕಲ್ಲಿದ್ದರೆ ಭಯವಿಲ್ಲ.

ಖಾರ ಇದೆ, ಹಾಗಾಗಿ ಮೆಣಸಿನ ಗಿಡದ ಹತ್ತಿರ ಹೋಗಲ್ಲ ಅಂತ ನಾನು ಧೈರ್ಯವಾಗಿದ್ದೆ. ಸೂಜಿಮೆಣಸು ಹಣ್ಣಾಗಿ ಕೆಂಪಗೆ ನಿಂತಿತ್ತು. ನಮ್ಮ ಕರಿ ಹೇಟೆ ಒಂದೊಂದೇ ಕಿತ್ತು ದ್ರಾಕ್ಷಿಯ ಹಾಗೆ ನುಂಗಿತು, ಕಣ್ಣೂ ಪಿಳುಕಿಸಲಿಲ್ಲ. ಹಕ್ಕಿಗಳಿಗೆ ಮೆಣಸಿನ ಖಾರ ತಾಗುವುದೇ ಇಲ್ಲ. ಖಾರ ಅನ್ನಿಸುವ ಅಂಶವನ್ನು ಹಿಡಿಯುವ ವ್ಯವಸ್ಥೆ ನಮ್ಮ ನಾಲಿಗೆಯಲ್ಲಿದೆ, ಇಲಿಯ ನಾಲಿಗೆಯಲ್ಲಿದೆ, ಹಕ್ಕಿಯಲ್ಲಿ ಅದು ಆ ಅಂಶಕ್ಕೆ ಜಗ್ಗುವುದಿಲ್ಲ. ಅಗಿಯದೆ ನುಂಗಿ ಬೀಜವನ್ನು ಹಾಗೇ ದೂರ ಹಾಕಲಿ ಅಂತಲೇ ಗಿಡಕ್ಕೆ ಈ ಏರ್ಪಾಡು. ಬೇಲಿ ಸಾಲಿನಲ್ಲಿ ಯಾರೂ ನೆಡದ ಸೂಜಿಮೆಣಸು ಹುಟ್ಟುವುದು ಹೀಗೇ.

ಬಿಳಿ ಟೋಪಿಯ ಗೊಬ್ಬರ

ಕೋಳಿ ಮತ್ತು ತರಕಾರಿಯ ನಿಜವಾದ ನಂಟು ಇರುವುದು ಗೊಬ್ಬರದಲ್ಲಿ. ಜನ ಹೆಚ್ಚು ಎಡವುವುದೂ ಅಲ್ಲೇ.

ಕೋಳಿ ಹಿಕ್ಕೆಯ ಮೇಲೆ ಒಂದು ಬಿಳಿ ಟೋಪಿ ಇರುತ್ತದೆ ನೋಡಿ. ಕೋಳಿ ಮೂತ್ರ ಬೇರೆ ಮಾಡುವುದಿಲ್ಲ, ಆ ಬಿಳಿಯೇ ಅದರ ಮೂತ್ರ. ಯೂರಿಕ್ ಆಮ್ಲದ ಗಟ್ಟಿ ರೂಪ. ದನದಲ್ಲಿ ಗಂಜಲವಾಗಿ ಹರಿದು ಹೋಗುವ ಸಾರಜನಕ ಇಲ್ಲಿ ಹಿಕ್ಕೆಗೇ ಅಂಟಿಕೊಂಡು ಬರುತ್ತದೆ. ಅದಕ್ಕೇ ಸಗಣಿಗಿಂತ ಕೋಳಿ ಗೊಬ್ಬರ ಅಷ್ಟು ಜೋರು. ತೇವ ಸಿಕ್ಕಿದರೆ ಸೂಕ್ಷ್ಮಜೀವಿಗಳು ಆ ಬಿಳಿ ಭಾಗವನ್ನು ಒಡೆಯುತ್ತವೆ, ಅದು ಯೂರಿಯಾ ಆಗಿ, ಅಲ್ಲಿಂದ ಅಮೋನಿಯಾ ಆಗುತ್ತದೆ. ಹಸಿ ಹಿಕ್ಕೆ ಬುಡಕ್ಕೆ ಹಾಕಿದ ಟೊಮೆಟೊ ಗಿಡ ಸುಟ್ಟ ಹಾಗೆ ಒಣಗುವುದು ಇದರಿಂದಲೇ. "ಕೋಳಿ ಗೊಬ್ಬರ ಉಷ್ಣ" ಅಂತ ಹಿರಿಯರು ಹೇಳುವ ಮಾತು ತಪ್ಪಲ್ಲ.

ಇದನ್ನು ತಣ್ಣಗೆ ಮಾಡುವ ವಿದ್ಯೆ ಮಲೆನಾಡಿಗೆ ಹೊಸದೂ ಅಲ್ಲ. ನಮ್ಮಲ್ಲಿ ಕೊಟ್ಟಿಗೆಗೆ ದಿನಾ ಸೊಪ್ಪು ಹಾಸುತ್ತಾರೆ. ಮಳೆಗಾಲದಲ್ಲಿ ಹಸಿ ಸೊಪ್ಪು, ಬೇಸಿಗೆಯಲ್ಲಿ ಒಣ ಎಲೆ, ಅಂದರೆ ದರಗು. ಅದಕ್ಕಾಗಿಯೇ ಸೊಪ್ಪಿನ ಬೆಟ್ಟಗಳನ್ನು ಉಳಿಸಿಕೊಂಡು ಬಂದವರು ನಾವು. ಸೊಪ್ಪು ಗಂಜಲ ಹೀರುತ್ತದೆ, ದನ ತುಳಿಯುತ್ತದೆ, ಗುಂಡಿಗೆ ಹೋಗಿ ಅಡಿಕೆ ತೋಟಕ್ಕೆ ಗೊಬ್ಬರವಾಗುತ್ತದೆ. ಕೋಳಿ ಒಡ್ಡಿಗೂ ಅದೇ ಸೂತ್ರ. ನೆಲಕ್ಕೆ ಅರ್ಧ ಅಡಿ ದರಗು ಇಲ್ಲವೇ ಭತ್ತದ ಹೊಟ್ಟು ಹಾಸಿ. ಹಿಕ್ಕೆ ಅದರ ಮೇಲೆ ಬೀಳಲಿ. ನಾಲ್ಕು ಕಾಳು ರಾಗಿ ಚೆಲ್ಲಿದರೆ ಕೋಳಿಗಳೇ ಕೆದರಿ ಅಡಿಮೇಲು ಮಾಡುತ್ತವೆ. ಒದ್ದೆ ಅನ್ನಿಸಿದರೆ ಇನ್ನೊಂದು ಬುಟ್ಟಿ ದರಗು ಸೇರಿಸಿ. ಪಾತಿಯಲ್ಲಿ ಬೈದು ಓಡಿಸಿದ ಅದೇ ಕಾಲಿಗೆ ಇಲ್ಲಿ ಪೂರ್ತಿ ಕೆಲಸ.

ದರಗು ಯಾಕೆ ಬೇಕು? ಹಿಕ್ಕೆಯಲ್ಲಿ ಸಾರಜನಕ ಜಾಸ್ತಿ, ಇಂಗಾಲ ಕಮ್ಮಿ. ಒಂದು ಪಾಲು ಸಾರಜನಕಕ್ಕೆ ಹತ್ತು ಪಾಲು ಇಂಗಾಲವೂ ಇರುವುದಿಲ್ಲ. ಕೊಳೆಸುವ ಸೂಕ್ಷ್ಮಜೀವಿಗಳಿಗೆ ಬೇಕಾಗುವುದು ಒಂದಕ್ಕೆ 25ರಿಂದ 30. ಇಂಗಾಲ ಸಾಲದಿದ್ದರೆ ಅವು ಹಿಡಿದಿಡಲಾಗದ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಗೂಡಿನಲ್ಲಿ ಮೂಗಿಗೆ ಹೊಡೆಯುವ ವಾಸನೆ ಅಂದರೆ ಗೊಬ್ಬರ ಹಾರಿಹೋಗುತ್ತಿದೆ ಅಂತಲೇ ಅರ್ಥ. ವಾಸನೆ ನೋಡುವಾಗ ನಿಂತು ನೋಡಬೇಡಿ, ಕುಕ್ಕರುಗಾಲಲ್ಲಿ ಕೂತು ಕೋಳಿಯ ತಲೆಯ ಮಟ್ಟದಲ್ಲಿ ಉಸಿರು ತೆಗೆದುಕೊಳ್ಳಿ. ಅಲ್ಲಿ ಕಣ್ಣು ಉರಿದರೆ ಕೋಳಿಗೂ ಉರಿಯುತ್ತಿರುತ್ತದೆ.

ಒಂದು ರೂಢಿಯ ತಪ್ಪು ಇದೆ. ವಾಸನೆ ಬಂತು ಅಂತ ಗೂಡಿನ ಹಾಸಿಗೆಗೆ ಒಲೆಬೂದಿ, ಸುಣ್ಣ ಎರಚುವುದು. ಎರಡೂ ಕ್ಷಾರ. ಕ್ಷಾರ ಸೇರಿದರೆ ಹಿಕ್ಕೆಯಲ್ಲಿರುವ ಸಾರಜನಕ ಇನ್ನೂ ಬೇಗ ಗಾಳಿಯಾಗಿ ಹೋಗುತ್ತದೆ. ಬೂದಿಯನ್ನು ಬೇರೆ ಒಂದು ಮೂಲೆಯಲ್ಲಿ ಮಣ್ಣಿನ ಜೊತೆ ಬೆರೆಸಿ ಇಡಿ. ಕೋಳಿಗಳು ಅದರಲ್ಲಿ ಹೊರಳಾಡಿ ಹೇನು ಕಳೆದುಕೊಳ್ಳುತ್ತವೆ. ಹರಿವೆ ಪಾತಿಯಲ್ಲಿ ಹೊರಳುವ ಅಗತ್ಯವೂ ಅಷ್ಟು ಕಮ್ಮಿ.

ಹಾಸಿಗೆಯನ್ನು ಎರಡು ಮೂರು ತಿಂಗಳಿಗೊಮ್ಮೆ ಪೂರ್ತಿ ತೆಗೆದು ರಾಶಿ ಹಾಕಬೇಕು. ರಾಶಿ ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಎತ್ತರಕ್ಕಿಂತ ಸಣ್ಣದಾದರೆ ಬಿಸಿ ಹಿಡಿಯುವುದಿಲ್ಲ. ಸಾಲದಿದ್ದರೆ ಇನ್ನಷ್ಟು ದರಗು, ಕಳೆ, ಬಾಳೆದಿಂಡು ಸೇರಿಸಿ. ಒಂದು ಹಿಡಿ ಹಿಂಡಿದರೆ ಉಂಡೆ ಆಗಬೇಕು, ನೀರು ತೊಟ್ಟಿಕ್ಕಬಾರದು. ಮೂರನೇ ದಿನಕ್ಕೆ ಒಳಗೆ ಕೈಯಿಟ್ಟರೆ ಇಟ್ಟುಕೊಳ್ಳಲಾಗದಷ್ಟು ಬಿಸಿ ಇರುತ್ತದೆ, 55 ಡಿಗ್ರಿ ದಾಟಿರುತ್ತದೆ. ಈ ಬಿಸಿ ಬೇಕೇ ಬೇಕು. ಕೋಳಿ ಹಿಕ್ಕೆಯಲ್ಲಿ ಸಾಲ್ಮೊನೆಲ್ಲಾದಂಥ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರಬಹುದು, ಅದು ಸಾಯುವುದು ಈ ಶಾಖಕ್ಕೆ. ವಾರಕ್ಕೊಮ್ಮೆ ಮಗುಚಿ, ಹೊರಗಿದ್ದದ್ದು ಒಳಗೆ ಹೋಗಲಿ. ಬಿಸಿ ಪೂರ್ತಿ ಇಳಿದ ಮೇಲೂ ಒಂದೆರಡು ತಿಂಗಳು ಬಿಡಿ. ಕಪ್ಪಗೆ ಹುಡಿಯಾಗಿ, ಮೊದಲ ಮಳೆಯ ಮಣ್ಣಿನ ವಾಸನೆ ಬಂದರೆ ತಯಾರು. ಮಳೆಗಾಲದಲ್ಲಿ ರಾಶಿಗೆ ಸೋಗೆ ಮುಚ್ಚದಿದ್ದರೆ ಸಾರವೆಲ್ಲ ಚರಂಡಿ ಪಾಲು.

ಕೋಳಿ ನೇರವಾಗಿ ಪಾತಿಯಲ್ಲಿ ಹಾಕಿದ ಹಸಿ ಹಿಕ್ಕೆ ಈ ಬಿಸಿಯನ್ನು ಕಂಡಿರುವುದಿಲ್ಲ, ಅಲ್ವಾ? ಅದಕ್ಕೆ ಕಾಲವೇ ಮದ್ದು. ಅಮೆರಿಕದ ಸಾವಯವ ನಿಯಮದಲ್ಲಿ ಹಸಿ ಗೊಬ್ಬರ ಬಿದ್ದ ದಿನದಿಂದ ಕೊಯ್ಲಿಗೆ, ಮಣ್ಣು ತಾಗುವ ಬೆಳೆಗೆ 120 ದಿನ, ತಾಗದ ಬೆಳೆಗೆ 90 ದಿನ ಅಂತರ ಇರಬೇಕು. ನಾನು ಇದನ್ನು ಸರದಿಗೆ ಹೊಂದಿಸಿಕೊಂಡಿದ್ದೇನೆ. ಕೋಳಿ ಹೊರಬಂದ ತುಂಡಿನಲ್ಲಿ ಮೊದಲ ಬೆಳೆ ಬದನೆ, ಟೊಮೆಟೊ, ಇಲ್ಲವೇ ಚಪ್ಪರದ ಬಳ್ಳಿ. ಇವು ಫಸಲಿಗೆ ಬರಲು ಹೇಗೂ ಎರಡು ಮೂರು ತಿಂಗಳು ಬೇಕು, ಕಾಯಿ ನೆಲಕ್ಕೆ ತಾಗುವುದಿಲ್ಲ, ಹೊಟ್ಟೆಬಾಕ ಬೆಳೆಗಳೂ ಹೌದು. ಬೇಗ ಕಾಯಿ ಬಂದರೆ, ಚಪ್ಪರದ ಕೆಳಗೆ ಕೋಳಿ ಬಿಟ್ಟಿದ್ದರೂ, 90 ದಿನ ತುಂಬುವವರೆಗೆ ಕೊಯ್ದದ್ದನ್ನು ಬೇಯಿಸಿಯೇ ತಿನ್ನುತ್ತೇವೆ. ಎರಡನೇ ಬೆಳೆ ಅಲಸಂದೆ, ಬೀನ್ಸ್. ಅವು ತಮ್ಮ ಸಾರಜನಕ ತಾವೇ ಮಾಡಿಕೊಳ್ಳುತ್ತವೆ. ಹಸಿಯಾಗಿ ತಿನ್ನುವ ಕೊತ್ತಂಬರಿ, ಮೂಲಂಗಿ, ಕ್ಯಾರೆಟ್ ಕೊನೆಯ ಸರದಿಗೆ. ಕೋಸಂಬರಿಗೆ ಹೋಗುವ ಯಾವುದನ್ನೂ ಕೋಳಿ ಆಗಷ್ಟೇ ಓಡಾಡಿದ ಮಣ್ಣಿನಲ್ಲಿ ಬೆಳೆಯಬೇಡಿ.

ಆರು ಕೋಳಿಗೆ ಅರ್ಧ ಗುಂಟೆ ಯಾಕೆ ಅಂತ ಕೇಳಿದವರಿಗೆ ನನ್ನ ಲೆಕ್ಕ ಹೀಗೆ. ಒಂದು ಕೋಳಿ ದಿನಕ್ಕೆ ಸುಮಾರು 100 ಗ್ರಾಂ ಹಸಿ ಹಿಕ್ಕೆ ಹಾಕುತ್ತದೆ. ಆರಕ್ಕೆ ವರ್ಷಕ್ಕೆ 200 ಕೆಜಿ ಮೇಲಾಯಿತು. ರಾತ್ರಿ ಕೋಲಿನ ಮೇಲೆ ಕೂತಾಗ ಬೀಳುವ ಅರ್ಧ ನಮ್ಮ ಕೈಗೆ ಸಿಗುತ್ತದೆ ಅಂದುಕೊಳ್ಳಿ, ಅಂದರೆ 100 ಕೆಜಿ ಆಸುಪಾಸು. ಅದರಲ್ಲಿ ಸಾರಜನಕ ಒಂದೂವರೆ ಕೆಜಿ. ಕೊಳೆಯುವಾಗ ಅರ್ಧ ಹೋದರೂ ಮುಕ್ಕಾಲು ಕೆಜಿ ಉಳಿಯಿತು, ಅರ್ಧ ಗುಂಟೆಯ ತರಕಾರಿಗೆ ಹದವಾಗಿ ಸಾಕು. ಅದೇ ಜಾಗಕ್ಕೆ ಇಪ್ಪತ್ತು ಕೋಳಿ ಸಾಕಿ ಗೊಬ್ಬರವೆಲ್ಲ ಸುರಿದರೆ ಟೊಮೆಟೊ ಗಿಡ ಕಬ್ಬಿನ ಹಾಗೆ ಬೆಳೆದು ಕಾಯಿ ಕಮ್ಮಿ ಬಿಡುತ್ತದೆ, ಎಳೆ ಎಲೆಗೆ ಹೇನು ಮುತ್ತುತ್ತದೆ, ಮಣ್ಣಿನಲ್ಲಿ ರಂಜಕ ಬೇಡದಷ್ಟು ಸೇರುತ್ತದೆ. ಗೊಬ್ಬರ ಜಾಸ್ತಿ ಆದರೂ ಕಷ್ಟವೇ.

ಆ ಗೊಬ್ಬರ ಎಲ್ಲಿಂದ ಬಂತು

ಕೋಳಿ ಗೊಬ್ಬರವನ್ನು ಗಾಳಿಯಿಂದ ಹುಟ್ಟಿಸುವುದಿಲ್ಲ. ಒಂದು ಕೋಳಿಗೆ ದಿನಕ್ಕೆ 100ರಿಂದ 120 ಗ್ರಾಂ ಆಹಾರ ಬೇಕು. ಹಿತ್ತಲಲ್ಲಿ ಕೆದರಿ, ತರಕಾರಿ ಸಿಪ್ಪೆ ತಿಂದು ಸ್ವಲ್ಪ ತುಂಬಿಕೊಳ್ಳುತ್ತದೆ, ಉಳಿದದ್ದು ನುಚ್ಚು, ತೌಡು, ರಾಗಿ, ಮೆಕ್ಕೆಜೋಳ. ಅಂದರೆ ನಮ್ಮ ಬದನೆಗೆ ಬಂದ ಸಾರಜನಕದ ಹೆಚ್ಚು ಪಾಲು ಬೇರೆ ಯಾರದೋ ಹೊಲದ್ದು. ಅಡುಗೆಮನೆ ಕಸದಲ್ಲೇ ಕೋಳಿ ಸಾಕಿ ಹಿತ್ತಲು ಬೆಳೆಸುತ್ತೇನೆ ಅನ್ನುವವರ ಕೋಳಿಗಳು ತೆಳ್ಳಗಿರುತ್ತವೆ. ಗೆದ್ದಲು ಹಿಡಿದ ಸೌದೆ ತಂದು ಮರಿಗಳ ಮುಂದೆ ಕೊಡವುವುದು, ನೀರಿನ ಮೇಲೆ ತೇಲುವ ಅಜೋಲಾ ಜರಿ ಬೆಳೆಯುವುದು ಇವೆಲ್ಲ ಸಹಾಯವೇ, ಆದರೆ ಕಾಳಿನ ಖರ್ಚು ಪೂರ್ತಿ ತಪ್ಪಿಸುವುದಿಲ್ಲ. ಮೊಟ್ಟೆ ಇಡುವ ಕೋಳಿಗೆ ಸುಣ್ಣದಂಶ ಬೇಕು, ಒಂದು ಮೊಟ್ಟೆಯ ಚಿಪ್ಪಿನಲ್ಲೇ ಎರಡು ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಚಿಪ್ಪನ್ನು ಹುರಿದು ಪುಡಿ ಮಾಡಿ ವಾಪಸ್ ಕೊಡಿ. ಹುರಿಯದೆ ಹಾಗೇ ಹಾಕಿದರೆ ಮೊಟ್ಟೆ ಒಡೆದು ತಿನ್ನುವ ಚಟ ಹತ್ತಬಹುದು.

ತಳಿ ಯಾವುದು ಅಂದರೆ, ನಾಟಿ ಕೋಳಿ ವರ್ಷಕ್ಕೆ 60ರಿಂದ 80 ಮೊಟ್ಟೆ ಇಟ್ಟೀತು. ಹದ್ದು ಕಂಡರೆ ಓಡಲು ಗೊತ್ತು, ಕಾವಿಗೆ ಕೂರಲು ಗೊತ್ತು, ಬೇಲಿ ಹಾರಲೂ ಗೊತ್ತು. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಬೆಳೆಸಿದ ಗಿರಿರಾಜ ಮೈ ಭಾರ, ಬೇಲಿ ಹಾರುವುದು ಕಷ್ಟ, ಹಾಗಾಗಿ ತರಕಾರಿ ಇರುವವರಿಗೆ ಸಲೀಸು. ಅಲ್ಲಿಯದೇ ಸ್ವರ್ಣಧಾರಾ ಇನ್ನೂ ಜಾಸ್ತಿ ಮೊಟ್ಟೆ ಇಡುತ್ತದೆ. ಇವು ಕಾವಿಗೆ ಕೂರುವುದಿಲ್ಲ ಅನ್ನುವುದೊಂದೇ ಕೊರತೆ. ಅದಕ್ಕೇ ಗಿರಿರಾಜದ ಮೊಟ್ಟೆಯನ್ನು ನಾಟಿ ಹೇಟೆಯ ಅಡಿಗಿಟ್ಟು 21 ದಿನ ಕಾಯುತ್ತಾರೆ. ಪೇಟೆಯಲ್ಲಿರುವವರಿಗೆ ಒಂದು ಮಾತು: ಮೊಟ್ಟೆಗೆ ಹುಂಜ ಬೇಕಾಗಿಲ್ಲ, ಮರಿಗೆ ಮಾತ್ರ ಬೇಕು. ಪಕ್ಕದ ಮನೆಯವರ ನಿದ್ದೆ ನೆನಪಿರಲಿ.

ಕೊಕ್ಕರೆ ರೋಗಕ್ಕೆ (ರಾಣಿಖೇತ್) ಲಸಿಕೆ ಹಾಕಿಸದೆ ಈ ಯಾವ ಲೆಕ್ಕವೂ ನಿಲ್ಲುವುದಿಲ್ಲ. ಕತ್ತು ತಿರುಚಿಕೊಂಡು, ಹಸಿರು ಭೇದಿಯಾಗಿ ವಾರದೊಳಗೆ ಗೂಡೇ ಖಾಲಿಯಾಗುತ್ತದೆ. ಮರಿ ಒಂದು ವಾರದ್ದಾದಾಗ ಕಣ್ಣಿಗೆ ಹನಿ, ಎಂಟು ಹತ್ತು ವಾರಕ್ಕೆ ಚುಚ್ಚುಮದ್ದು. ಹತ್ತಿರದ ಪಶು ಆಸ್ಪತ್ರೆಯಲ್ಲಿ ಕೇಳಿ, ನಾಲ್ಕು ಮನೆಯವರು ಸೇರಿ ಹೋದರೆ ಒಂದು ಸೀಸೆ ವ್ಯರ್ಥವಾಗುವುದಿಲ್ಲ. ಇನ್ನು ತರಕಾರಿಗೆ ಕೀಟನಾಶಕ ಹೊಡೆಯುವವರು ಆ ತುಂಡಿಗೆ ಕೋಳಿ ಬಿಡಲೇಬಾರದು. ಸತ್ತ ಹುಳದಲ್ಲಿರುವ ವಿಷ ಕೋಳಿಯನ್ನು ಕೊಲ್ಲದಿದ್ದರೂ ಮೊಟ್ಟೆಗೆ ಬರಬಹುದು. ಬಸವನಹುಳಕ್ಕೆ ಇಡುವ ವಿಷದ ಗುಳಿಗೆ ಕೋಳಿಗೆ ಕಾಳಿನ ಹಾಗೇ ಕಾಣುತ್ತದೆ, ಇಲಿ ಪಾಷಾಣವೂ ಅಷ್ಟೆ.

ಈಗ ಮೇ ಕೊನೆ. ರೋಹಿಣಿ ಮಳೆಯ ನಾಲ್ಕು ಹನಿ ಬಿದ್ದಿವೆ. ಮೂರನೇ ತುಂಡಿನಲ್ಲಿ ಕೋಳಿಗಳಿಗೆ ಇವತ್ತು ಹದಿನೆಂಟನೇ ದಿನ. ಬೇಸಿಗೆ ಹರಿವೆಯ ದಂಟು, ಕಳೆ ಏನೂ ಉಳಿದಿಲ್ಲ, ಮಣ್ಣು ಹುಡಿ ಹುಡಿ. ಭಾನುವಾರ ಅವುಗಳನ್ನು ಹೊರಗೆ ಹಾಕಿ ಹೀರೆ, ಪಡವಲ ಬೀಜ ಊರಬೇಕು. ಕರಿ ಹೇಟೆ ಆಗಲೇ ಎರಡು ಸಲ ಬಂದು ಸೀರೆಯ ಅಂಚನ್ನು ನೋಡಿ ಹೋಗಿದೆ.